ಭಾಗವತರ ಜಾಗಕ್ಕೆ ಬಂದ ಭಾಗವತರು

ಬೋರ್‌ವೆಲ್ ಮೋಟರು ಸುಟ್ಟುಹೋದರೆ ನಮ್ಮ ಕಡೆ ರೈತನಿಗೆ ಎರಡು ಹೆಸರು ನೆನಪಾಗುತ್ತವೆ. ಒಂದು ಮನೆದೇವರು, ಇನ್ನೊಂದು ಕೊಯಮತ್ತೂರು. ಸಾವಿರದ ಇನ್ನೂರು ಅಡಿ ಆಳದಿಂದ ಪೈಪು ಎತ್ತಿಸಿ ನೋಡಿದರೆ ನನ್ನ ಮೋಟರಿನ ಒಳಗೆಲ್ಲಾ ಕಪ್ಪು. ಅದಕ್ಕೆ ಬೇಕಾದ ಒಂದು ಸಾಮಾನು ಇಲ್ಲಿ ಸಿಗಲಿಲ್ಲ. ಟೊಮೇಟೊ ಹೂ ಕಟ್ಟಿದ ಹೊತ್ತು ಬೇರೆ. ಹೀಗಾಗಿ ಕಳೆದ ಬೇಸಿಗೆಯಲ್ಲಿ ನಾನು ಹೊಸೂರು, ಕೃಷ್ಣಗಿರಿ, ಸೇಲಂ ದಾಟಿಕೊಂಡು ರಾತ್ರಿ ಬಸ್ಸಿನಲ್ಲಿ ಹೊರಟು, ಬೆಳಗಿನ ಜಾವ ಕೊಯಮತ್ತೂರಿನ ಗಾಂಧಿಪುರಂನಲ್ಲಿ ಇಳಿಯಬೇಕಾಯಿತು.

ನಮ್ಮ ವ್ಯಾಪಾರಸ್ಥರಿಗೆ ಗಾಂಧಿಪುರಂ ಗೊತ್ತಿಲ್ಲದ ಜಾಗವೇನಲ್ಲ. ಊರ ಟೌನ್ ಬಸ್ಸು, ಹೊರ ಊರ ಬಸ್ಸು, ಖಾಸಗಿ ಬಸ್ಸು ಎಲ್ಲದರ ನಿಲ್ದಾಣಗಳೂ ಅಲ್ಲೇ ಆಸುಪಾಸಿನಲ್ಲಿವೆ. ಪಕ್ಕದಲ್ಲೇ ಕ್ರಾಸ್ ಕಟ್ ರಸ್ತೆ, ನೂರಡಿ ರಸ್ತೆ. ಬಟ್ಟೆಯಿಂದ ಹಿಡಿದು ಬೋಲ್ಟು ನಟ್ಟಿನವರೆಗೆ ಏನು ಬೇಕಾದರೂ ಸಿಗುತ್ತದೆ. ಅಲ್ಲಿ ಕಿವಿಗೊಟ್ಟು ನಿಂತರೆ ತಮಿಳಿನ ನಡುವೆ ಮಲೆಯಾಳ ಕೇಳುತ್ತದೆ, ತಾಳವಾಡಿ ಕಡೆಯವರ ಕನ್ನಡ ಕೇಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಲೆಮಾರುಗಳಿಂದ ಅಲ್ಲೇ ಬೇರೂರಿದ ಜನರ ಮನೆಮಾತಾದ ತೆಲುಗು ಕೇಳುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನನ್ನಂಥವನಿಗೆ ಅಲ್ಲಿ ನಾಲಿಗೆ ಕಟ್ಟುವುದಿಲ್ಲ.

ನನಗೆ ಬೇಕಾದ ಸಾಮಾನು ಅಂಗಡಿಯಲ್ಲಿ ಇರಲಿಲ್ಲ. ಗೋಡೌನಿನಿಂದ ಬರಬೇಕು, ಸಾಯಂಕಾಲವಾಗುತ್ತೆ ಅಂದರು. ಒಂದು ಸ್ಟೂಲು ಕೊಟ್ಟು ಕೂಡಿಸಿದರು. ಕೂತೆ. ಆ ಸ್ಟೂಲಿನಲ್ಲಿ ಕೂತಿದ್ದರಿಂದಲೇ ಈ ಲೇಖನ.

ಅಂಗಡಿಯ ಹಿರಿಯರು

ಗಲ್ಲಾಪೆಟ್ಟಿಗೆಯಲ್ಲಿ ಮಗ. ಒಳಗಡೆ ಈಜಿಚೇರಿನಲ್ಲಿ ತಂದೆ, ಎಂಬತ್ತು ದಾಟಿದವರು. ಮೊಮ್ಮಗನ ಮೊಬೈಲಿನಿಂದ ಹಳೆಯ ತಮಿಳು ಹಾಡೊಂದು ಕೇಳುತ್ತಿದ್ದರು. ಮೇಲಿನ ಷಡ್ಜವನ್ನು ಹಿಡಿದು ಅಲ್ಲೇ ನಿಂತುಬಿಡುವ ಆ ಕಂಠವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

"ಎಂ.ಕೆ. ತ್ಯಾಗರಾಜ ಭಾಗವತರು ಕದಂಡಿ?" ಅಂದೆ, ತೆಲುಗಿನಲ್ಲಿ.

ಹಿರಿಯರು ಕಣ್ಣು ತೆರೆದರು. "ಏ ಊರು ಮೀದಿ?"

"ಕೋಲಾರದ ಕಡೆ."

"ಕರ್ನಾಟಕದವರಾ! ನಿಮಗೆ ಭಾಗವತರು ಹೇಗೆ ಗೊತ್ತು?"

ನಾನು ಸುಮ್ಮನಿರಬೇಕಿತ್ತು. ಆದರೆ ನಮ್ಮವರ ಹೆಸರು ಹೇಳುವ ಚಪಲ. "ನಮಗೂ ಒಬ್ಬ ಭಾಗವತರಿದ್ದರು, ಹೊನ್ನಪ್ಪ ಭಾಗವತರು. ನಿಮ್ಮ ಊರಿನಲ್ಲೇ ಹೀರೋ ಆಗಿದ್ದರು" ಅಂದೆ.

ಹಿರಿಯರು ಕೈ ಆಡಿಸಿ ಒಂದೇ ಮಾತು ಹೇಳಿದರು. "ಆಯನ ಬದಲಿಕಿ ಒಚ್ಚಿನೋಡು ಲೇವಯ್ಯಾ." ಅಂದರೆ, ಆತ ಬದಲಿಗೆ ಬಂದವನು ಬಿಡಯ್ಯ.

ಆಮೇಲೆ ತಮ್ಮ ತಂದೆಯ ಕಥೆ ಹೇಳಿದರು. ಮಿಲ್ಲಿನಲ್ಲಿ ಕೆಲಸದಲ್ಲಿದ್ದ ಅವರ ತಂದೆ ತ್ಯಾಗರಾಜ ಭಾಗವತರ ಭಕ್ತರು. ಭಾಗವತರು ಬಿಟ್ಟುಹೋದ ಪಾತ್ರದಲ್ಲಿ ಬೇರೆಯವರು ಹಾಡಿದ್ದಾರೆ ಎಂಬ ಒಂದೇ ಕಾರಣಕ್ಕೆ "ಶ್ರೀ ಮುರುಗನ್" ಚಿತ್ರ ನೋಡಲು ಹೋಗಲೇ ಇಲ್ಲವಂತೆ. ಮನೆಯವರನ್ನೂ ಕಳಿಸಲಿಲ್ಲವಂತೆ. "ಮಾ ನಾಯನ ಸಾಯುವವರೆಗೂ ಆ ಹೆಸರು ಎತ್ತಿದರೆ ಎದ್ದುಹೋಗುತ್ತಿದ್ದರು" ಅಂದರು.

ಮೋಟರಿನ ಸಾಮಾನು ಬರುವುದಕ್ಕೆ ಇನ್ನೂ ಐದು ಗಂಟೆ ಇತ್ತು. ನನಗೆ ಆ "ಬದಲಿ" ಎನ್ನುವ ಮಾತು ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಕೂತುಬಿಟ್ಟಿತು.

1944ರ ಆ ನವೆಂಬರ್

ಕಥೆ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ಎಂ.ಕೆ. ತ್ಯಾಗರಾಜ ಭಾಗವತರು ಮೊದಲು ಸಂಗೀತ ನಾಟಕದ ನಟರು. 1934ರ "ಪವಳಕ್ಕೊಡಿ" ಚಿತ್ರದಿಂದ ತೆರೆಗೆ ಬಂದರು. ಆ ಒಂದು ಚಿತ್ರದಲ್ಲೇ ಐವತ್ತರಷ್ಟು ಹಾಡುಗಳಿದ್ದವೆಂದರೆ ಆ ಕಾಲದ ಚಿತ್ರಗಳು ಎಂಥವು ಎಂದು ಊಹಿಸಬಹುದು. ಅವು ತೆರೆಗೆ ಏರಿದ ಸಂಗೀತ ನಾಟಕಗಳೇ. 1944ರ ದೀಪಾವಳಿಗೆ ಅವರ "ಹರಿದಾಸ್" ಬಂತು. ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ತಯಾರಾದ ಚಿತ್ರವಿದು. ನಿರ್ದೇಶಕರು ಸುಂದರರಾವ್ ನಾಡಕರ್ಣಿ, ನಮ್ಮ ಮಂಗಳೂರಿನವರು. ಮದರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಆ ಚಿತ್ರ ಮೂರು ದೀಪಾವಳಿ ಕಂಡಿತು.

ಚಿತ್ರ ಬಂದ ಮುಂದಿನ ತಿಂಗಳೇ ಸಿಡಿಲು ಬಡಿಯಿತು. 1944ರ ನವೆಂಬರ್ 8ರಂದು ಮದರಾಸಿನಲ್ಲಿ ಪತ್ರಕರ್ತ ಸಿ.ಎನ್. ಲಕ್ಷ್ಮೀಕಾಂತನ್ ಅವರನ್ನು ಇರಿಯಲಾಯಿತು. ಮರುದಿನ ಅವರು ತೀರಿಕೊಂಡರು. ಸಿನಿಮಾ ಮಂದಿಯ ಖಾಸಗಿ ಬದುಕಿನ ಬಗ್ಗೆ ಬರೆದು ಹಲವರ ಕಣ್ಣಿಗೆ ಮುಳ್ಳಾಗಿದ್ದ ಮನುಷ್ಯ. ಮೊಕದ್ದಮೆಯಲ್ಲಿ ತ್ಯಾಗರಾಜ ಭಾಗವತರು, ಹಾಸ್ಯನಟ ಎನ್.ಎಸ್. ಕೃಷ್ಣನ್ ಮತ್ತು ಕೊಯಮತ್ತೂರಿನ ಚಿತ್ರ ನಿರ್ಮಾಪಕ ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಹೆಸರುಗಳೂ ಸೇರಿದವು. ಬಂಧನವಾಯಿತು. ಶ್ರೀರಾಮುಲು ನಾಯ್ಡು ಬಿಡುಗಡೆಯಾದರು. ಭಾಗವತರಿಗೆ ಮತ್ತು ಕೃಷ್ಣನ್ ಅವರಿಗೆ 1945ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಗಿ, ಮತ್ತೆ ಮದರಾಸು ಹೈಕೋರ್ಟಿಗೆ ಬಂದು, ಕೊನೆಗೆ 1947ರ ಏಪ್ರಿಲ್‌ನಲ್ಲಿ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು.

ವಿಚಿತ್ರ ನೋಡಿ. ಅವರ ಚಿತ್ರಕ್ಕೆ ಥಿಯೇಟರಿನಲ್ಲಿ ಜನ ಮುಗಿಬೀಳುತ್ತಿದ್ದಾಗ ಹೀರೋ ಜೈಲಿನಲ್ಲಿ.

ಆದರೆ ಹೊರಗಡೆ ಕೆಲಸ ನಿಲ್ಲುವಂತಿರಲಿಲ್ಲ. ಭಾಗವತರನ್ನು ನಂಬಿ ಶುರುವಾಗಿದ್ದ ಚಿತ್ರಗಳಿದ್ದವು. ಹಣ ಹಾಕಿದವರಿದ್ದರು. ಅವರಿಗಿಂತ ಹೆಚ್ಚಾಗಿ ಬಡಗಿ, ದರ್ಜಿ, ವಾದ್ಯದವರು, ಲೈಟಿನವರು, ಅಡುಗೆಯವರು ಇದ್ದರು. ಮೋಟರು ಕೆಟ್ಟರೆ ಒಬ್ಬ ರೈತನಷ್ಟೇ ಕೂರುವುದಿಲ್ಲ, ಕಳೆ ಕೀಳುವ ಹೆಂಗಸರು, ಬುಟ್ಟಿ ತುಂಬುವವರು, ಟೆಂಪೋದವನು ಎಲ್ಲರೂ ಕೂರುತ್ತಾರೆ. ಸ್ಟುಡಿಯೋ ಕೂಡ ಹಾಗೆಯೇ.

ಜ್ಯೂಪಿಟರ್ ಪಿಕ್ಚರ್ಸ್‌ನವರ "ಶ್ರೀ ಮುರುಗನ್" ಅಂಥ ಚಿತ್ರಗಳಲ್ಲಿ ಒಂದು. ನಾಯಕನಾಗಿ ತ್ಯಾಗರಾಜ ಭಾಗವತರು ಎಂದು ಆರಂಭವಾದದ್ದು. ಅವರು ಜೈಲಿಗೆ ಹೋದ ಮೇಲೆ ಆ ಪಾತ್ರವನ್ನು ಒಪ್ಪಿಸಿದ್ದು ಒಬ್ಬ ಕನ್ನಡಿಗನಿಗೆ. ನೆಲಮಂಗಲ ತಾಲೂಕು ಚೌಡಸಂದ್ರದ ಸಿ. ಹೊನ್ನಪ್ಪ ಭಾಗವತರಿಗೆ. ಅದೇ ಸಂಕಟದಲ್ಲಿ "ಉದಯಣನ್" ಎಂಬ ಇನ್ನೊಂದು ಚಿತ್ರದ ನಾಯಕನ ಪಾತ್ರ ಕರ್ನಾಟಕ ಸಂಗೀತದ ದೊಡ್ಡ ವಿದ್ವಾಂಸ ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರಿಗೆ ಹೋಯಿತು. ಅಂದರೆ ಆ ಜಾಗ ತುಂಬುವುದಕ್ಕೆ ಬರೀ ಮುಖ ಚೆನ್ನಾಗಿರುವವರು ಸಾಲುತ್ತಿರಲಿಲ್ಲ. ಗಂಟಲು ಇದ್ದವರೇ ಬೇಕಾಗಿತ್ತು.

ಮುಖ ಬದಲಾದರೆ ಕಂಠವೂ ಬದಲು

ಇಂದಿನ ಹುಡುಗರಿಗೆ ಇದು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ಹೀರೋ ಬದಲಾದರೆ ಹಾಡು ಬದಲಾಗಬೇಕಿಲ್ಲ. ಹಾಡುವವರು ಯಾರೋ, ತುಟಿ ಆಡಿಸುವವರು ಯಾರೋ. ಆಗ ಹಾಗಲ್ಲ. ಹಿನ್ನೆಲೆ ಗಾಯನ ಆಗಲೇ ಬಂದಿದ್ದರೂ, ಭಾಗವತರೆಂದು ಹೆಸರಾದವರು ತಮ್ಮ ಪಾತ್ರಕ್ಕೆ ತಾವೇ ಹಾಡಬೇಕು. ಜನ ದುಡ್ಡು ಕೊಡುತ್ತಿದ್ದದ್ದೇ ಅದಕ್ಕೆ.

ಅದರ ಬೇರು ನಾಟಕ ಕಂಪನಿಗಳಲ್ಲಿದೆ. ಮೈಕು ಬರುವ ಮುಂಚೆ ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತ ಕೂಲಿಯವನಿಗೂ ಹಾಡು ಮುಟ್ಟಬೇಕಾಗಿತ್ತು. ಅದಕ್ಕೇ ಅಂದಿನ ನಟರು ಏರಿದ ಶ್ರುತಿಯಲ್ಲಿ ಹಾಡುತ್ತಿದ್ದರು. ಕಾಲು ಹಾರ್ಮೋನಿಯಂ, ತಬಲಾ, ಅದರ ಮೇಲೆ ಆ ಗಂಟಲು. ಜನ "ಒನ್ಸ್ ಮೋರ್" ಅಂದರೆ ಸತ್ತುಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು ಎಂದು ನಮ್ಮ ಹಿರಿಯರು ನಗೆಯಾಡುತ್ತಿದ್ದರು. ಶಾಸ್ತ್ರೀಯ ಸಂಗೀತ ಕಲಿತು, ಅದನ್ನು ಅಭಿನಯದ ಜೊತೆ ಹೊಸೆದು, ರಾತ್ರಿಯಿಡೀ ನಿಭಾಯಿಸಬಲ್ಲವನೇ ನಟ.

ಹೊನ್ನಪ್ಪನವರು ಆ ಗರಡಿಯ ಆಳು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿದ್ದವರು. 1941ರ ಕನ್ನಡ "ಸುಭದ್ರಾ" ಚಿತ್ರದಲ್ಲಿ ನಟಿಸಿದವರು. ಸೇಲಂನ ಮಾಡರ್ನ್ ಥಿಯೇಟರ್ಸ್‌ನವರ "ಅರುಂಧತಿ" (1943), "ಬರ್ಮಾ ರಾಣಿ" (1945) ಮೊದಲಾದ ತಮಿಳು ಚಿತ್ರಗಳಲ್ಲಿ ನಾಯಕರಾದವರು. ಆದ್ದರಿಂದ "ಶ್ರೀ ಮುರುಗನ್" ಬಾಗಿಲು ತಟ್ಟಿದಾಗ ಅವರು ದಾರಿಯಲ್ಲಿ ಹೋಗುವವರೇನೂ ಆಗಿರಲಿಲ್ಲ. ಪರಭಾಷೆಯಲ್ಲಿ ತಮ್ಮ ಸ್ವಂತ ದುಡಿಮೆಯಿಂದ ಕಾಲೂರಿದ್ದ ಗಾಯಕನಟರು.

ಆದರೂ ಅದು ಸುಲಭದ ಜಾಗವಲ್ಲ. ಯೋಚಿಸಿ. ಇಡೀ ತಮಿಳುನಾಡು ಒಬ್ಬನ ಹಾಡನ್ನು ಹುಚ್ಚಾಗಿ ಹಾಡುತ್ತಿದೆ. ಅವನು ಸತ್ತಿಲ್ಲ, ಮುದುಕನಾಗಿಲ್ಲ, ಜೈಲಿನಲ್ಲಿದ್ದಾನೆ. ಅವನಿಗೆ ಅನ್ಯಾಯವಾಗಿದೆ ಎಂದು ಜನ ಮರುಗುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ಅವನಿಗೆಂದು ಇಟ್ಟ ಪಾತ್ರಕ್ಕೆ ಬಣ್ಣ ಹಚ್ಚಿಕೊಂಡು ನಿಲ್ಲುವವನು ಕನ್ನಡದವನು. ಹೆಸರಿನ ಕೊನೆಯಲ್ಲಿ ಅವನಿಗೂ "ಭಾಗವತರ್" ಎಂದೇ ಇದೆ. ಹೋಲಿಕೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಅಂಗಡಿಯ ಹಿರಿಯರ ತಂದೆಯಂಥವರು ಎಷ್ಟು ಮಂದಿ ಇದ್ದರೋ!

ಚಿತ್ರ ನಿಲ್ಲಲಿಲ್ಲ. 1946ರಲ್ಲಿ ತೆರೆ ಕಂಡಿತು. ಅದೇ ವರ್ಷ "ವಾಲ್ಮೀಕಿ"ಯಲ್ಲೂ ಹೊನ್ನಪ್ಪನವರೇ ನಾಯಕರು.

1ನೇ ಕೃಷ್ಣ, 2ನೇ ಕೃಷ್ಣ

ಇದನ್ನೆಲ್ಲಾ ಆ ಹಿರಿಯರ ಮುಂದೆ ಹೇಳಿದೆ. "ಸರಿ, ಹಾಡಿದರು. ಆದರೆ ಬದಲಿ ಬದಲಿಯೇ" ಅಂದರು. ಆಗ ನಾನು ನನ್ನ ಕಥೆ ಹೇಳಬೇಕಾಯಿತು. ಪತ್ರಿಕೆಯಲ್ಲಿ ಬರೆಯುವುದಕ್ಕೆ ಸ್ವಲ್ಪ ಸಂಕೋಚವಿದೆ. ಆದರೂ ಬರೆಯುತ್ತೇನೆ.

ನಮ್ಮ ಗಡಿಯ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಎಂದರೆ ಏನು ಎಂಬುದು ಈ ಪುಟದ ಓದುಗರಿಗೆ ಹೇಳಬೇಕಿಲ್ಲ. ಒಂದು ಊರಲ್ಲಿ ಕನ್ನಡ, ಪಕ್ಕದೂರಲ್ಲಿ ತೆಲುಗು. ನಮ್ಮೂರಲ್ಲಿ ತೆಲುಗು ನಾಟಕ. ತಿರುಪತಿ ವೆಂಕಟ ಕವಿಗಳ ಪದ್ಯಗಳು. ರಾಯಭಾರದ ದೃಶ್ಯಕ್ಕೆ ಸುತ್ತ ಹತ್ತು ಹಳ್ಳಿಯ ಜನ ಚಾಪೆ ಹಿಡಿದುಕೊಂಡು ಬರುತ್ತಾರೆ. ಕೃಷ್ಣ ಎಂದರೆ ನಮ್ಮ ದೊಡ್ಡಪ್ಪನ ಮಗ. ಅವನ ಪದ್ಯಕ್ಕೆ ಮುದುಕಿಯರು ಎದ್ದುಬಂದು ರೂಪಾಯಿ ಚುಚ್ಚುತ್ತಿದ್ದರು. ನಾನು ಪರದೆ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು.

1994ರ ಶ್ರೀರಾಮನವಮಿ. ನಾಟಕಕ್ಕೆ ಎಂಟು ದಿನ ಇರುವಾಗ ಬದುವಿನ ಜಗಳ ಹೊಡೆದಾಟಕ್ಕೆ ತಿರುಗಿತು. ಅಣ್ಣನನ್ನು ಪೊಲೀಸರು ಕರೆದುಕೊಂಡು ಹೋದರು. ಜಾಮೀನು ಸಿಗಲಿಲ್ಲ. ಕರಪತ್ರ ಅಚ್ಚಾಗಿತ್ತು. ಸೀನರಿಗೆ ಮುಂಗಡ ಕೊಟ್ಟಾಗಿತ್ತು. ಹಾರ್ಮೋನಿಯಂ ಮೇಷ್ಟ್ರು ನನ್ನ ಕಡೆ ತಿರುಗಿ, "ಪುಸ್ತಕ ಬಾಯಿಪಾಠ ಇರೋದು ನಿನಗೊಬ್ಬನಿಗೇ, ಕಿರೀಟ ಇಟ್ಕೊ" ಅಂದರು.

ಆ ಎಂಟು ರಾತ್ರಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಅಣ್ಣ ಹಾಡುತ್ತಿದ್ದ ಶ್ರುತಿಗೆ ನನ್ನ ಗಂಟಲು ಏರುತ್ತಿರಲಿಲ್ಲ. ಏರಿಸಲು ಹೋಗಿ ಮೂರನೆಯ ದಿನಕ್ಕೆ ಧ್ವನಿ ಒಡೆಯಿತು. ಆಗ ಮೇಷ್ಟ್ರು ಹೇಳಿದ ಮಾತು ಇವತ್ತಿಗೂ ನೆನಪಿದೆ. "ನಿಮ್ಮಣ್ಣನ ಗಂಟಲು ನಿಮ್ಮಣ್ಣನ ಹತ್ರ ಐತೆ. ನಿನ್ನದು ಎಲ್ಲೈತೋ ಹುಡುಕೋಣ." ಹುಡುಕಿ, ಎರಡು ಮನೆ ಕೆಳಗೆ ಇಳಿಸಿದರು. ಪದ್ಯ ಅದೇ, ರಾಗ ಅದೇ. ಆದರೆ ಕೂಗು ಕಡಿಮೆಯಾಯಿತು, ಮಾತು ಜಾಸ್ತಿ ಕೇಳತೊಡಗಿತು. ನಾಟಕ ನಡೆಯಿತು. ಜನ ಬೈಯಲಿಲ್ಲ. ಕೆಲವರು ಹೊಗಳಿದರು ಕೂಡ.

ನನಗೆ ಭಯವಿದ್ದದ್ದು ಆಮೇಲಿನದಕ್ಕೆ. ಇಪ್ಪತ್ತು ದಿನ ಬಿಟ್ಟು ಅಣ್ಣ ಬಂದ. ನನ್ನನ್ನು ಮಾತಾಡಿಸಲಿಲ್ಲ. ನಾನೂ ಹೋಗಲಿಲ್ಲ. ಅವನು ಒಳಗಿದ್ದಾಗ ನಾನು ಅವನ ಕಿರೀಟ ಇಟ್ಟುಕೊಂಡೆನಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು. ಒಂದು ವರ್ಷ ಹಬ್ಬಕ್ಕೂ ಒಂದು ಪಂಕ್ತಿಯಲ್ಲಿ ಕೂರಲಿಲ್ಲ ನಾವು. ಮರುವರ್ಷ ಕರಪತ್ರ ಬರೆಸುವಾಗ ಅವನೇ ಮೇಷ್ಟ್ರ ಮನೆಗೆ ಬಂದು, "1ನೇ ಕೃಷ್ಣ ನಾನು, 2ನೇ ಕೃಷ್ಣ ಅವನು, ಹಂಗೇ ಹಾಕ್ಸಿ" ಅಂದನಂತೆ.

ನಮ್ಮ ನಾಟಕಗಳ ಈ ಪದ್ಧತಿಯನ್ನು ಪಟ್ಟಣದವರು ನೋಡಿ ನಗುತ್ತಾರೆ. ಒಂದೇ ರಾತ್ರಿ ಇಬ್ಬರು ಮೂವರು ಕೃಷ್ಣರು! ಶಯನದ ದೃಶ್ಯಕ್ಕೆ ಒಬ್ಬ, ರಾಯಭಾರಕ್ಕೆ ಒಬ್ಬ, ಯುದ್ಧಕ್ಕೆ ಇನ್ನೊಬ್ಬ. ಒಬ್ಬ ದಪ್ಪ, ಒಬ್ಬ ಸಣ್ಣ, ಒಬ್ಬನಿಗೆ ಮೀಸೆಯ ಗುರುತು ಮಾಸಿಲ್ಲ. ಆದರೆ ಮುಂದೆ ಕೂತವರಿಗೆ ಯಾವ ಗೊಂದಲವೂ ಇಲ್ಲ. ಕಿರೀಟ, ನವಿಲುಗರಿ, ನೀಲಿ ಬಣ್ಣ ಇದ್ದರೆ ಅವನು ಕೃಷ್ಣ, ಕೈ ಮುಗಿಯುತ್ತಾರೆ. ಕೃಷ್ಣ ಅಣ್ಣನದೂ ಅಲ್ಲ, ನನ್ನದೂ ಅಲ್ಲ. ಅವತ್ತಿನ ಹೊತ್ತಿಗೆ ಹೊತ್ತುಕೊಂಡವರು ನಾವು.

"ಹಾಗಾದರೆ ಮುರುಗನ್ ಯಾರ ಸ್ವತ್ತು, ಹೇಳಿ?" ಎಂದು ಹಿರಿಯರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಹುಡುಗನಿಗೆ ಎರಡು ಕಾಫಿ ತರಲು ಹೇಳಿದರು.

ಸಿಂಗಾನಲ್ಲೂರಿಗೆ ಟೌನ್ ಬಸ್ಸು

ಕಾಫಿ ಕುಡಿದ ಮೇಲೆ ಅವರೇ ಅಂದರು. "ಸ್ಟುಡಿಯೋ ಇದ್ದ ಜಾಗ ನೋಡಬೇಕಾದರೆ ಸಿಂಗಾನಲ್ಲೂರಿಗೆ ಹೋಗಿ ಬಾ. ಇಲ್ಲೇ ಬಸ್ಸು ಸಿಗುತ್ತೆ. ಬರುವ ಹೊತ್ತಿಗೆ ನಿನ್ನ ಸಾಮಾನು ಬಂದಿರುತ್ತೆ."

ಸಿಂಗಾನಲ್ಲೂರು ಎಂದ ಕೂಡಲೇ ಕನ್ನಡಿಗನಾದ ನನಗೆ ನೆನಪಾದದ್ದು ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಅದು ಬೇರೆ ಸಿಂಗಾನಲ್ಲೂರು, ನಮ್ಮ ಕೊಳ್ಳೇಗಾಲದ ಕಡೆಯದು. ಆದರೆ ಹೆಸರಿನ ನಂಟಿಗಿಂತ ಗಟ್ಟಿಯಾದ ನಂಟು ಬೇರೊಂದಿದೆ. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾಗುವವರೆಗೂ ಕೊಳ್ಳೇಗಾಲ ತಾಲೂಕು ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಂದಿಗೂ ತಮಿಳುನಾಡಿನಲ್ಲೇ ಇದೆ. ಗೆರೆ ಆಮೇಲೆ ಬಂದದ್ದು, ಹಾಡು ಮುಂಚೆಯೇ ಇತ್ತು.

ತಿರುಚ್ಚಿ ರಸ್ತೆಯಲ್ಲಿ ಇಳಿದು ಸುತ್ತಾಡಿದೆ. ಸ್ಟುಡಿಯೋ ಮುಚ್ಚಿ ದಶಕಗಳಾಗಿವೆ. ಕೇಳಿದರೆ ಹುಡುಗರಿಗೆ ಗೊತ್ತಿಲ್ಲ. ವಯಸ್ಸಾದ ಒಬ್ಬರು ಮಾತ್ರ ಕೈ ತೋರಿಸಿ, "ಅಂದ ಕಾಲತ್ತಿಲ್..." ಎಂದು ಸುಮ್ಮನಾದರು. ವಾಹನಗಳ ಸದ್ದಿನಲ್ಲಿ ಮಾತು ಮುಂದುವರಿಯುವಂತಿರಲಿಲ್ಲ.

ಆದರೂ ಅಲ್ಲಿ ನಿಂತಾಗ ಒಂದು ಅನಿಸಿತು. ಪಾತ್ರಗಳು ಕೈ ಬದಲಾಯಿಸುವುದು ಈ ಊರಿಗೆ ಹೊಸದಲ್ಲ. ಮೊಕದ್ದಮೆಯಿಂದ ಪಾರಾದ ಶ್ರೀರಾಮುಲು ನಾಯ್ಡು ಅವರು ತಮ್ಮ ಪಕ್ಷಿರಾಜ ಸಂಸ್ಥೆಯಿಂದ 1954ರಲ್ಲಿ "ಮಲೈಕ್ಕಳ್ಳನ್" ತೆಗೆದರು. ನಾಯಕ ಎಂ.ಜಿ.ಆರ್. ಅದೇ ಕಥೆ ತೆಲುಗಿನಲ್ಲಿ "ಅಗ್ಗಿ ರಾಮುಡು" ಆಯಿತು, ನಾಯಕ ಎನ್.ಟಿ. ರಾಮರಾವ್. ಹಿಂದಿಯಲ್ಲಿ "ಆಜಾದ್" (1955), ದಿಲೀಪ್ ಕುಮಾರ್. ಕನ್ನಡದಲ್ಲಿ "ಬೆಟ್ಟದ ಕಳ್ಳ" (1957), ಕಲ್ಯಾಣ್ ಕುಮಾರ್. ಒಬ್ಬನೇ ಕಳ್ಳನಿಗೆ ಭಾಷೆಗೊಂದು ಮುಖ. ಅಲ್ಲಿ ಯಾರೂ ಯಾರಿಗೂ ಬದಲಿ ಎಂದು ಕರೆಯಲಿಲ್ಲ. ಹೊನ್ನಪ್ಪನವರಿಗೆ ಮಾತ್ರ ಯಾಕೆ ಆ ಮಾತು?

ಯಾಕೆಂದರೆ ಅವರು ಬಂದದ್ದು ಮತ್ತೊಬ್ಬರ ಕಷ್ಟಕಾಲದಲ್ಲಿ. ಅಂಥ ಹೊತ್ತಿನಲ್ಲಿ ಬಂದವನು ಎಷ್ಟು ಚೆನ್ನಾಗಿ ಮಾಡಿದರೂ ಜನಕ್ಕೆ ಅವನು ಕಾಣುವುದಿಲ್ಲ, ಇಲ್ಲದವನೇ ಕಾಣುತ್ತಾನೆ. ಇದು ಅವರ ತಪ್ಪೂ ಅಲ್ಲ, ಜನರ ತಪ್ಪೂ ಅಲ್ಲ.

ಆಮೇಲೆ ಏನಾಯಿತು

"ಶ್ರೀ ಮುರುಗನ್"ನಲ್ಲಿ ಶಿವನ ಪಾತ್ರ ಮಾಡಿ ನರ್ತಿಸಿದವರು ಆಗಿನ್ನೂ ಸಣ್ಣಪುಟ್ಟ ಪಾತ್ರಗಳಲ್ಲಿದ್ದ ಎಂ.ಜಿ. ರಾಮಚಂದ್ರನ್. ಮರುವರ್ಷ, 1947ರಲ್ಲಿ, ಅದೇ ಜ್ಯೂಪಿಟರ್‌ನವರು "ರಾಜಕುಮಾರಿ" ಚಿತ್ರದಲ್ಲಿ ಅವರನ್ನು ಮೊದಲ ಬಾರಿಗೆ ನಾಯಕನನ್ನಾಗಿ ಮಾಡಿದರು. ಅದರ ನಾಯಕಿ ಕೆ. ಮಾಲತಿ. "ಪಾತಾಳಭೈರವಿ" (1951) ನೋಡಿದ ನಮ್ಮ ತೆಲುಗು ಓದುಗರಿಗೆ ಆಕೆ ಚೆನ್ನಾಗಿ ಗೊತ್ತು. ಎಂ.ಜಿ.ಆರ್. ಮುಂದೆ ಏನಾದರು ಎಂಬುದು ಲೋಕಕ್ಕೆ ಗೊತ್ತು.

ತ್ಯಾಗರಾಜ ಭಾಗವತರು ಬಿಡುಗಡೆಯಾಗಿ ಬಂದು "ರಾಜಮುಕ್ತಿ" (1948) ಮಾಡಿದರು. ಗೆಲ್ಲಲಿಲ್ಲ. ಆಮೇಲೆ ಹಳೆಯ ವೈಭವ ಮರಳಲಿಲ್ಲ. 1959ರ ನವೆಂಬರ್ 1ರಂದು ತೀರಿಕೊಂಡರು. ಇದನ್ನು ಬರೆಯುವಾಗ ನನಗೆ ನಮ್ಮ ಅಣ್ಣನ ನೆನಪು. ಜೈಲಿನಿಂದ ಬಂದ ಮೇಲೆ ಅವನು ಹಾಡಿದ, ಆದರೆ ಮೊದಲಿನ ಆ ಮೇಲಿನ ಸ್ವರ ಮತ್ತೆ ಬರಲಿಲ್ಲ. ಯಾರೂ ಅದನ್ನು ಅವನ ಮುಂದೆ ಆಡಲಿಲ್ಲ. ಖಾಲಿ ಮಾಡಿದ ಜಾಗವನ್ನು ಮತ್ತೊಬ್ಬರು ತುಂಬಿದ್ದರಿಂದ ಹೀಗಾಯಿತೆಂದು ನನಗೆ ಅನ್ನಿಸುವುದಿಲ್ಲ. ಜೈಲು, ಅವಮಾನ, ಕೋರ್ಟು ಖರ್ಚು, ಇವು ಗಂಟಲನ್ನೂ ತಿನ್ನುತ್ತವೆ.

ಹೊನ್ನಪ್ಪ ಭಾಗವತರು ಮತ್ತೊಬ್ಬರ ಪಾತ್ರದಲ್ಲಿ ಉಳಿದುಬಿಡಲಿಲ್ಲ. ಕನ್ನಡಕ್ಕೆ ಮರಳಿದರು. 1955ರಲ್ಲಿ ತಾವೇ ನಿರ್ಮಿಸಿ, ತಾವೇ ನಾಯಕರಾಗಿ "ಮಹಾಕವಿ ಕಾಳಿದಾಸ" ಮಾಡಿದರು. ನಿರ್ದೇಶನ ಕು.ರಾ. ಸೀತಾರಾಮ ಶಾಸ್ತ್ರಿಯವರದು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಾನು ಅದನ್ನು ಚಿಕ್ಕಂದಿನಲ್ಲಿ ಸಂತೆಯ ಊರಿನ ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತು ನೋಡಿದ್ದೇನೆ. ಅಕ್ಷರ ಬಾರದ ದಡ್ಡ ಕವಿಯಾಗುವ ಆ ಕಥೆ ಎಸ್‌.ಎಸ್‌.ಎಲ್‌.ಸಿ.ಗೇ ಓದು ನಿಲ್ಲಿಸಿದ ನನ್ನಂಥವನು ಪದ್ಯ ಬರೆಯುವುದಕ್ಕೆ ಧೈರ್ಯ ಕೊಟ್ಟಿತು ಎಂದರೆ ನಗಬೇಡಿ.

ಆ ಚಿತ್ರದಲ್ಲೇ ಹೊನ್ನಪ್ಪನವರು ಒಬ್ಬ ಹೊಸ ಹುಡುಗಿಯನ್ನು ಪರಿಚಯಿಸಿದರು. ಬಿ. ಸರೋಜಾದೇವಿ. ಮೂರು ವರ್ಷಕ್ಕೆ, "ನಾಡೋಡಿ ಮನ್ನನ್" (1958) ಚಿತ್ರದಲ್ಲಿ ಆಕೆ ಎಂ.ಜಿ.ಆರ್. ಜೋಡಿಯಾಗಿ ತಮಿಳುನಾಡಿನ ಮನೆಮಾತಾದರು. "ಶ್ರೀ ಮುರುಗನ್"ನಲ್ಲಿ ಹೊನ್ನಪ್ಪನವರ ಪಕ್ಕದಲ್ಲಿ ಶಿವನಾಗಿ ನಿಂತಿದ್ದ ಅದೇ ಎಂ.ಜಿ.ಆರ್.! ತಮಿಳಿನಲ್ಲಿ ಒಂದು ಪಾತ್ರವನ್ನು ಕೈಗೆ ತೆಗೆದುಕೊಂಡಿದ್ದ ಕನ್ನಡಿಗ, ತಮಿಳಿಗೆ ಒಬ್ಬ ನಾಯಕಿಯನ್ನು ಕೊಟ್ಟ ಹಾಗಾಯಿತು. ನಮ್ಮ ಕಡೆ ಕೈಗಡದ ಲೆಕ್ಕ ಹೀಗೆಯೇ ತೀರುವುದು. ತಂದ ಸೇರಿಗೆ ಸೇರು ತುಂಬಿ, ಮೇಲೊಂದು ಹಿಡಿ. ಹೊನ್ನಪ್ಪನವರು 1992ರಲ್ಲಿ, ಸರೋಜಾದೇವಿಯವರು 2025ರಲ್ಲಿ ತೀರಿಕೊಂಡರು.

ಒಂದು ಕೋರಿಕೆ

ಗಡಿಯಲ್ಲಿ ಇರುವವರು ಸ್ವಲ್ಪ ಮಟ್ಟಿಗೆ ಎಲ್ಲರೂ ಬದಲಿ ಪಾತ್ರಧಾರಿಗಳೇ. ಕನ್ನಡ ಕವಿಗೋಷ್ಠಿಯಲ್ಲಿ ನನ್ನನ್ನು "ತೆಲುಗಿನವರು" ಎಂದು ಪರಿಚಯಿಸುತ್ತಾರೆ. ಗಡಿಯಾಚೆ ಕವಿ ಸಮ್ಮೇಳನದಲ್ಲಿ "ಕನ್ನಡದಾಯನ" ಅನ್ನುತ್ತಾರೆ. ಬರಬೇಕಾದ ದೊಡ್ಡ ಕವಿ ಬರದಿದ್ದಾಗ ಹಿಂದಿನ ದಿನ ರಾತ್ರಿ ನನಗೆ ಫೋನು ಬರುತ್ತದೆ. ಮೊದಲು ಬೇಜಾರಾಗುತ್ತಿತ್ತು. ಈಗ ಹೋಗುತ್ತೇನೆ. ಹೋಗಿ ನನ್ನ ಶ್ರುತಿಯಲ್ಲೇ ಓದಿ ಬರುತ್ತೇನೆ.

ಕನ್ನಡ ಚಿತ್ರರಂಗದ ಹಳೆಯ ಸಾಧಕರನ್ನು ನೆನೆಯುವ ಸಂಸ್ಥೆಗಳಿಗೆ ನನ್ನದೊಂದು ಕೋರಿಕೆ. ಹೊನ್ನಪ್ಪ ಭಾಗವತರ ಬಗ್ಗೆ ಬರೆಯುವಾಗ ಬೆಂಗಳೂರಿನಿಂದ ಶುರುಮಾಡಿ ಬೆಂಗಳೂರಿನಲ್ಲೇ ಮುಗಿಸಬೇಡಿ. ಸೇಲಂ, ಕೊಯಮತ್ತೂರುಗಳಲ್ಲಿ ಅವರು ದುಡಿದ ವರ್ಷಗಳನ್ನೂ ಸೇರಿಸಿ. ಸಿಂಗಾನಲ್ಲೂರಿನಲ್ಲಿ ಒಂದು ಕಲ್ಲು ನೆಡುವುದಾದರೆ ಅದರ ಮೇಲೆ ತಮಿಳಿನ ಭಾಗವತರ ಹೆಸರೂ ಇರಲಿ, ಕನ್ನಡದ ಭಾಗವತರ ಹೆಸರೂ ಇರಲಿ. ಯಾರು 1ನ��, ಯಾರು 2ನೇ ಎಂದು ಬೇಕಾದರೆ ನಮೂದಿಸಿ, ತೊಂದರೆಯಿಲ್ಲ.

ಸಾಯಂಕಾಲ ಅಂಗಡಿಗೆ ಮರಳಿದಾಗ ನನ್ನ ಸಾಮಾನು ಬಂದಿತ್ತು. ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡೆ. ಹಿರಿಯರು ಕೈಸನ್ನೆ ಮಾಡಿ ಕರೆದರು. "ರಾಯಭಾರದ ಪದ್ಯ ಒಂದು ಹೇಳು" ಅಂದರು. ಪಂಪುಗಳ ಮಧ್ಯೆ ನಿಂತು, ಕೆಳಗಿನ ಶ್ರುತಿಯಲ್ಲಿ ಒಂದು ಹೇಳಿದೆ. ಮಗ ಬಿಲ್ಲು ಬರೆಯುವುದನ್ನು ನಿಲ್ಲಿಸಿದ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗನನ್ನು ಕರೆದು, "ಆ ಫೋನಿನಲ್ಲಿ ಹೊನ್ನಪ್ಪ ಭಾಗವತರ್ ಅಂತ ಹುಡುಕು, ಏನಾದರೂ ಸಿಗುತ್ತದಾ ನೋಡೋಣ" ಅಂದರು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಹುಡುಗ ಇನ್ನೂ ಹುಡುಕುತ್ತಿರುವಾಗಲೇ ಕೈ ಮುಗಿದು ಹೊರಟೆ.